ಚಹಾದ ಮೇಲೆ ಸ್ಪೇನಿನ ಪರ

ವಾರವಿಡೀ ಕನ್ನಡದ ಒಂದು ಮಾತೂ ಆಡದೆ ಬದುಕಿ ನೋಡಿ, ಆಮೇಲೆ ಬೇಕಾದರೆ ನನ್ನನ್ನು ಜಗಳಗಂಟ ಅನ್ನಿ. ಐವತ್ತರ ದಶಕದ ನಡುವೆ ನಾನು ಮುಂಬಯಿಯ ಮುಲುಂಡಿನಲ್ಲಿ ಒಂದು ಚಾಳಿನಲ್ಲಿದ್ದೆ, ಅಂದರೆ ಸಾಲುಕೋಣೆಗಳ ವಠಾರದಲ್ಲಿ. ವಿಜಾಪುರದ ಕಡೆಯವನು, ಮದುವೆ ಆಗಿರಲಿಲ್ಲ, ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಕಚೇರಿಯಲ್ಲಿ ಇಂಗ್ಲಿಷು, ಲೋಕಲ್ ರೈಲಿನಲ್ಲಿ ಹಿಂದಿ, ಚಾಳಿನ ನಲ್ಲಿಯ ಹತ್ತಿರ ಮರಾಠಿ. ಸ್ಟೋವ್ ಹೊತ್ತಿಕೊಳ್ಳದಿದ್ದಾಗ ಅದಕ್ಕೆ ಬೈಯುವುದಕ್ಕೆ ಮಾತ್ರ ಕನ್ನಡ. ಚಾಳಿನ ತುಂಬ ಸಂಸಾರಸ್ಥರು, ಒಂಟಿ ಗಂಡಸೆಂದರೆ ಅವರಿಗೆ ಅಷ್ಟಕ್ಕಷ್ಟೆ. ಬಾಗಿಲಲ್ಲಿ ಎದುರಾದರೆ ನಗುತ್ತಿದ್ದರು, ಒಳಗೆ ಕರೆಯುತ್ತಿರಲಿಲ್ಲ. ಅದರಲ್ಲಿ ಅವರ ತಪ್ಪೇನೂ ಇಲ್ಲ ಬಿಡಿ. ಆದರೆ ಸಂಜೆ ಕೋಣೆಗೆ ಬಂದು ಚಿಲಕ ಹಾಕಿಕೊಂಡರೆ ಬೆಳಗಿನವರೆಗೆ ಮಾತಿಗೆ ಆ ಸ್ಟೋವ್ ಒಂದೇ.

ನನಗೆ ಗೆಳೆಯ ಸಿಕ್ಕಿದ್ದೇ ಒಂದು ಬೈಗುಳದಿಂದ. ಒಂದು ದಿನ ಲೋಕಲ್‌ನಲ್ಲಿ ಯಾರೋ ಬೂಟುಗಾಲಿನಿಂದ ನನ್ನ ಪಾದ ತುಳಿದರು. ನಾನು ಊರಿನ ಭಾಷೆಯಲ್ಲಿ ಅವನ ವಂಶವನ್ನೆಲ್ಲ ಒಂದು ಸಲ ನೆನೆದೆ. ಭಾಂಡುಪಿನಲ್ಲಿ ಹತ್ತಿ ಪಕ್ಕದಲ್ಲೇ ನಿಂತಿದ್ದ ತೆಳ್ಳಗಿನ ಮನುಷ್ಯನೊಬ್ಬ ಬಾಯಿಗೆ ಕರವಸ್ತ್ರ ಹಿಡಿದು ನಗತೊಡಗಿದ.

“ಎಂತಾ ಬೈಗುಳ ಮಾರಾಯ್ರೆ! ನಮ್ಮ ಊರಿನದ್ದಲ್ಲ, ಆದ್ರೆ ಪೂರಾ ಅರ್ಥ ಆಯ್ತು” ಎಂದ.

ಮಂಗಳೂರಿನ ಕ್ರೈಸ್ತ. ಭಾಂಡುಪಿನ ಒಂದು ಕಾರ್ಖಾನೆಯಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದ, ವಾಸವೂ ಅಲ್ಲೇ. ಮನೆಮಾತು ಕೊಂಕಣಿ. ಕನ್ನಡ ಶಾಲೆಯಲ್ಲಿ ಕಲಿತದ್ದು, ಹಾಗಾಗಿ ನನ್ನದಕ್ಕಿಂತ ಚೊಕ್ಕ. ನಾನು ಹರಕು ಬಾಯಿಯವನು, ಅವನು ಒಂದು ಮಾತನ್ನು ಹತ್ತು ಸಲ ನಯ ಮಾಡಿ ಆಚೆ ಬಿಡುವವನು. ಹೇಗೋ ಹೊಂದಿಕೊಂಡೆವು. ಅವನೇ ನನ್ನನ್ನು ಮಾಟುಂಗಾದ ಕನ್ನಡ ಚರ್ಚಾಕೂಟಕ್ಕೆ ಕರೆದೊಯ್ದ. ಅವನಿಗೆ ಅದು ಹಳೆಯ ಜಾಗ, ನಾನು ಹೊಸಬ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ನಾನೇ ಅದನ್ನು ಮರೆತಿದ್ದೆ.

ಕೂಟ ಸೇರುತ್ತಿದ್ದದ್ದು ಒಂದು ಹೋಟೆಲಿನ ಮಾಳಿಗೆಯ ಮೇಲೆ, ಪ್ರತಿ ಭಾನುವಾರ ಮಧ್ಯಾಹ್ನದ ನಂತರ. ಹೋಟೆಲಿನ ಯಜಮಾನರು ಉಡುಪಿ ಕಡೆಯವರು. ಜಾಗವೂ ಅವರದೇ, ಚಹಾವೂ ಅವರದೇ. ಅಧ್ಯಕ್ಷರು ಧಾರವಾಡದ ಒಬ್ಬ ಮೇಷ್ಟ್ರು. ವಿಷಯ ಆರಿಸುವುದು, ಗಂಟೆ ಬಾರಿಸುವುದು, ಎರಡೂ ಅವರ ಕೆಲಸ. ಕೂಟಕ್ಕೆ ಒಂದು ವಿಚಿತ್ರ ನಿಯಮವಿತ್ತು. ಯಾರು ಯಾವ ಪಕ್ಷ ಎಂದು ಚೀಟಿ ಎತ್ತಿ ಗೊತ್ತುಮಾಡುತ್ತಿದ್ದರು. ಚಹಾ ಕುಡಿದಾದ ಮೇಲೆ ಎಲ್ಲರೂ ಪಕ್ಷ ಬದಲಾಯಿಸಬೇಕು. ಆಗಷ್ಟೇ ಹೌದು ಎಂದು ಕೂಗಿದವನು ಅಲ್ಲ ಎಂದು ಕೂಗಬೇಕು. ಹಾಗೆ ಮಾಡಿದರೆ ಮನಸ್ಸು ಹದವಾಗುತ್ತದೆ ಎಂದು ಮೇಷ್ಟ್ರ ನಂಬಿಕೆ. ನಮಗೆಲ್ಲ ಅದೇ ದೊಡ್ಡ ಮೋಜು. ಪಾನನಿರೋಧ ಬೇಕೆಂದು ಕಣ್ಣೀರು ತರಿಸಿದವನೇ ಅರ್ಧ ಗಂಟೆಯಲ್ಲಿ ಹೆಂಡದ ಗುಣಗಾನ ಮಾಡುತ್ತಿದ್ದ. ಅಲ್ಲಿ ಆಡಿದ ಮಾತಿಗೆ ಯಾರೂ ಯಜಮಾನರಲ್ಲ ಎಂದು ನಾನು ತಿಳಿದಿದ್ದೆ.

ಭಾನುವಾರಕ್ಕಾಗಿ ನಾನು ಉಳಿದ ಆರು ದಿನ ತಳ್ಳುತ್ತಿದ್ದೆ. ಚರ್ಚೆಗಿಂತ ಹೆಚ್ಚಾಗಿ ಹೋಗುವ ಬರುವ ದಾರಿ ನನಗೆ ಇಷ್ಟ. ಮುಲುಂಡಿನಲ್ಲಿ ಹತ್ತಿ ಕಿಟಕಿಯ ಬಳಿ ಅವನಿಗೊಂದು ಜಾಗ ಹಿಡಿದು ಕೂರುತ್ತಿದ್ದೆ. ಭಾಂಡುಪಿನಲ್ಲಿ ಅವನು ಹತ್ತಿದರೆ ಮಾಟುಂಗಾದವರೆಗೂ ಇಬ್ಬರೂ ಬಾಯಿ ಮುಚ್ಚುತ್ತಿರಲಿಲ್ಲ. ಅವನೊಬ್ಬ ಇದ್ದದ್ದರಿಂದ ಮುಂಬಯಿ ನನಗೆ ತಡೆದುಕೊಳ್ಳುವ ಹಾಗಿತ್ತು.

ಒಂದು ಭಾನುವಾರ ಮೇಷ್ಟ್ರು ಕೊಟ್ಟ ವಿಷಯ, ‘ಸ್ಪೇನಿನವರು ಆಸ್ಟೆಕರ ರಾಜ್ಯ ಗೆದ್ದದ್ದು ಧರ್ಮವೋ ಅಧರ್ಮವೋ’. ನಾನೂರು ವರ್ಷದ ಹಿಂದಿನ ಆ ಮೆಕ್ಸಿಕೋ ಎಲ್ಲಿ, ನಮ್ಮ ಮಾಟುಂಗಾ ಎಲ್ಲಿ! ಗೋವಾದ ಮಾತು ಆಗ ಮುಂಬಯಿಯ ಎಲ್ಲರ ಬಾಯಲ್ಲೂ ಇತ್ತು. ಪೋರ್ಚುಗೀಸರನ್ನು ಓಡಿಸುವ ಬಗ್ಗೆ ಲೋಕಲ್‌ನಲ್ಲೂ ಭಾಷಣ ನಡೆಯುತ್ತಿತ್ತು. ಗೋವಾವನ್ನೇ ವಿಷಯ ಮಾಡಿದರೆ ಕೈ ಕೈ ಮಿಲಾಯಿಸಬಹುದು, ಅದಕ್ಕೆ ಸಮುದ್ರದ ಆಚೆಯದನ್ನು ತಂದಿದ್ದೇನೆ ಎಂದು ಮೇಷ್ಟ್ರು ನನ್ನ ಕಿವಿಯಲ್ಲಿ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ಚೀಟಿಯಲ್ಲಿ ನನಗೆ ಸ್ಪೇನಿನ ಪಕ್ಷ ಬಂತು, ಗೆಳೆಯನಿಗೆ ಆಸ್ಟೆಕರದು. ನಾನು ಗಂಟಲು ಹರಿಯುವಂತೆ ಕೂಗಿದೆ. ದೇವರ ಮುಂದೆ ಮನುಷ್ಯರ ಎದೆ ಬಗೆಯುತ್ತಿದ್ದವರನ್ನು ತಡೆದದ್ದು ಯಾರು? ಸ್ಪೇನಿನವರು ಬಂದಾಗ ಸುತ್ತಲಿನ ಊರಿನವರೇ ಆಸ್ಟೆಕರಿಗೆ ಕಪ್ಪ ಕಟ್ಟಿ ಸಾಕಾಗಿ ಬಂದವರ ಜೊತೆ ಸೇರಿದರಲ್ಲ, ಯಾಕೆ? ಜನ ಚಪ್ಪಾಳೆ ತಟ್ಟಿದರು. ಯಜಮಾನರಂತೂ ಮೆಟ್ಟಿಲ ಬಳಿಯಿಂದಲೇ, “ಆ ದೇಶದ ಮೆಣಸಿನಕಾಯಿ ಇತ್ತ ಬಾರದಿದ್ರೆ ನನ್ನ ಸಾಂಬಾರಿಗೆ ಎಂತ ಹಾಕ್ತಿದ್ದೆ, ಅದನ್ನೂ ಹೇಳಿ!” ಎಂದರು.

ಗೆಳೆಯ ಎದ್ದು ಮೆಲ್ಲಗೆ ಶುರುಮಾಡಿದ. ತಮ್ಮನ್ನು ನೆಂಟರ ಹಾಗೆ ಊರೊಳಗೆ ಬರಮಾಡಿಕೊಂಡ ದೊರೆಯನ್ನೇ ಸೆರೆಯಲ್ಲಿಟ್ಟರು. ಕುಸುರಿಯ ಒಡವೆಗಳನ್ನೆಲ್ಲ ಕರಗಿಸಿ ಗಟ್ಟಿ ಮಾಡಿದರು. ಅವರ ಜೊತೆ ಬಂದ ಸಿಡುಬು ಮನೆಮನೆಗೆ ಹಬ್ಬಿ, ಮಲಗಿದವರಿಗೆ ನೀರು ಕೊಡುವವರೂ ಉಳಿಯಲಿಲ್ಲ. ಗುಡಿ ಕೆಡವಿದ ಕಲ್ಲಿನಿಂದಲೇ ಇಗರ್ಜಿ ಕಟ್ಟಿದರು. ಬೆಳಗಾವಿಯ ಬ್ಯಾಂಕ್ ನೌಕರರೊಬ್ಬರು ಪ್ರತಿ ವಾರ ಬರುತ್ತಿದ್ದರು, ಗೋವಾ ಚಳವಳಿಯೆಂದರೆ ಅವರಿಗೆ ಜೀವ. ಅವರು ಎದ್ದು ಬಂದು ಇವನ ಬೆನ್ನು ತಟ್ಟಿದರು. ನನಗೂ ಹೆಮ್ಮೆಯಾಯಿತು, ನನ್ನ ಗೆಳೆಯನಲ್ಲವೇ!

ಚಹಾ ಬಂತು, ಕುಡಿದೆವು, ಪಕ್ಷ ಬದಲಾಯಿತು. ಈಗ ಸ್ಪೇನಿನ ಪರವಾಗಿ ಮೊದಲು ಮಾತಾಡುವ ಸರದಿ ಗೆಳೆಯನದು.

ಅವನು ನರಬಲಿಯ ಮಾತು ಎತ್ತಲಿಲ್ಲ. ಅದನ್ನು ನಾನು ಆಗಲೇ ಹಿಂಡಿ ಹಿಪ್ಪೆ ಮಾಡಿದ್ದೆ. “ಇವತ್ತು ಆ ದೇಶದ ಒಬ್ಬಳು ಮುದುಕಿ ಇಗರ್ಜಿಯಲ್ಲಿ ಮೊಣಕಾಲೂರಿ ಮಗನಿಗೆ ಜ್ವರ ಇಳಿಯಲಿ ಅಂತ ಬೇಡಿಕೊಳ್ತಾಳೆ. ಅವಳಿಗೆ ಬೇರೆ ದೇವರು ಗೊತ್ತಿಲ್ಲ. ಕೊಳ್ಳೆ ಹೊಡೆದವರು ತಂದ ದೇವರು, ಹಾಗಾಗಿ ನಿನ್ನ ಪ್ರಾರ್ಥನೆ ಸುಳ್ಳು ಅಂತ ನೀವು ಅವಳಿಗೆ ಹೇಳ್ತೀರಾ?” ಎಂದು ಕೇಳಿದ.

ಎಂಥ ವಾದ! ಇದಕ್ಕೆ ಏನು ಉತ್ತರ ಕೊಡುವುದಪ್ಪಾ ಎಂದು ನಾನು ತಲೆ ಕೆರೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಬೆಳಗಾವಿಯವರು ತೊಡೆ ತಟ್ಟಿ ನಕ್ಕರು.

“ಹಾಂ! ಈಗ ನೋಡ್ರಿ ಖರೇ ಮಾತು ಹೊರಗ ಬಂತು! ಚಹಾಕ್ಕಿಂತ ಮೊದಲಿಂದೆಲ್ಲ ನಾಟಕ!”

ಎಲ್ಲರೂ ನಕ್ಕರು. ಕೆಟ್ಟ ನಗೆಯೇನಲ್ಲ, ಪ್ರತಿ ವಾರದ ನಗೆಯೇ. ಗೆಳೆಯನೂ ನಗಲು ನೋಡಿದ. ಆಗಲಿಲ್ಲ. ಮೇಜಿನ ಅಂಚನ್ನು ಹಿಡಿದುಕೊಂಡು ನಿಂತ.

“ನಮ್ಮ ಹಿರಿಯರು ಗೋವಾ ಬಿಟ್ಟು ಬಂದವರು” ಎಂದ. “ಪಾದ್ರಿಗಳ ಕಾಟ ತಡೀಲಾರದೆ ಓಡಿ ಬಂದದ್ದು ಅಂತ ನನ್ನ ಅಜ್ಜಿ ಹೇಳ್ತಿದ್ರು. ಓಡುವಾಗ ಅವರು ಶಿಲುಬೆಯನ್ನೂ ತಂದ್ರು. ಯಾರು ಕಾಟ ಕೊಟ್ರೋ ಅವರದ್ದೇ ದೇವರು. ನಮ್ಮ ಮನೆಯಲ್ಲಿ ಎರಡೂ ಪಕ್ಷ ಒಂದೇ ಬಟ್ಟಲಲ್ಲಿ ಗಂಜಿ ಕುಡಿದಿದೆ. ನನ್ನ ಖರೇ ಮಾತು ಯಾವುದೂಂತ ನನಗೇ—”

ಮೇಷ್ಟ್ರು ಗಂಟೆ ಬಾರಿಸಿದರು. “ವಿಷಯ ಮೆಕ್ಸಿಕೋ. ಮನಿ ಸುದ್ದಿ ಬ್ಯಾಡ. ನಿಯಮ ಅಂದ್ರ ನಿಯಮ.”

ಅವನು ಕುಳಿತುಕೊಂಡ. ಮುಂದಿನ ಸರದಿ ನನ್ನದು, ಆಸ್ಟೆಕರ ಪರ. ನನಗೆ ಕೋಪ ನೆತ್ತಿಗೇರಿತ್ತು. ಎದ್ದು ನಿಂತು ಬೆಳಗಾವಿಯವರನ್ನೇ ಕೇಳಿದೆ.

“ಚಹಾಕ್ಕ ಮೊದಲ ನಾನೂ ಸ್ಪೇನಿನ ಪರ ಅರಚಾಡಿದೆನಲ್ರಿ. ನನ್ನ ಮಾತು ಖರೇನೋ ನಾಟಕಾನೋ ಅಂತ ಯಾಕ ಕೇಳಲಿಲ್ಲ?”

ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು. “ನಿಮ್ಮನ್ಯಾಕ ಕೇಳೋದು? ನೀವು ನಮ್ಮವರ ಇದ್ದೀರಲ್ಲ” ಎಂದರು, ಎಷ್ಟು ಪ್ರೀತಿಯಿಂದ!

“ಹಂಗಿದ್ರ ನಾ ನಿಮ್ಮವ ಅಲ್ಲ, ತಗೋರಿ” ಎಂದೆ. ಇನ್ನು ಈ ಮೆಟ್ಟಿಲು ಹತ್ತಿದರೆ ಕೇಳಿ ಎಂದೂ ಅಂದೆ. ಚಪ್ಪಲಿ ಮೆಟ್ಟಿ ಕೆಳಗಿಳಿದೆ. ಗೆಳೆಯ ಹಿಂದೆಯೇ ಬರುತ್ತಾನೆ ಅಂದುಕೊಂಡಿದ್ದೆ. ಬರಲಿಲ್ಲ. ಹೋಟೆಲಿನ ಎದುರು ಬಹಳ ಹೊತ್ತು ಕಾದೆ. ಕೂಟ ಮುಗಿದ ಮೇಲೆ ಎಲ್ಲರ ಜೊತೆಗೇ ಇಳಿದು ಬಂದ. ಬೆಳಗಾವಿಯವರ ಕೈ ಅವನ ಹೆಗಲ ಮೇಲಿತ್ತು.

ವಾಪಸಾಗುವಾಗ ಘಾಟ್‌ಕೋಪರ್ ದಾಟಿದ ಮೇಲೆ ಅವನು ಕೇಳಿದ.

“ನೀವು ಯಾಕೆ ಎದ್ದು ಹೋದದ್ದು?”

“ಯಾಕಂದ್ರ? ನಿಮ್ಮ ಸಲುವಾಗಿ!”

“ನಾನು ಹೇಳಿದ್ನಾ ಹೋಗಿ ಅಂತ? ಅವರು ನಕ್ರು, ಮುಗೀತಿತ್ತು ಮಾರಾಯ್ರೆ. ಈಗ ನೀವು ಬಾಗಿಲು ಬಡಿದು ಹೋದದ್ದರಿಂದ ಅದು ನನ್ನ ಜಗಳ ಆಯ್ತು. ನೀವು ಹೋದ ಮೇಲೆ ಅವರನ್ನೆಲ್ಲ ಸಮಾಧಾನ ಮಾಡಿದ್ದು ಯಾರು? ನಾನು.”

“ನಿಮಗ ಸಿಟ್ಟು ಬರಲಿಲ್ಲೇನು?”

ಅವನು ಕಿಟಕಿಯ ಆಚೆ ನೋಡಿದ. “ನಿಮಗೆ ಸಿಟ್ಟು ಬಂದ್ರೆ, ಪಾಪ, ಸಿಡುಕಿನ ಮನುಷ್ಯ ಅಂತಾರೆ. ನಂಗೆ ಬಂದ್ರೆ, ನೋಡಿ, ಇವರೆಲ್ಲ ಹೀಗೆಯೇ ಅಂತಾರೆ. ಅಷ್ಟೂ ಜನರ ಸಿಟ್ಟು ನಾನೊಬ್ಬ ಹೇಗೆ ಮಾಡುದು?”

ಭಾಂಡುಪ್ ಬಂತು. “ಮುಂದಿನ ವಾರ ಬನ್ನಿ” ಎಂದು ಇಳಿದುಹೋದ.

ನಾನು ಹೋಗಲಿಲ್ಲ. ಆಡಿದ ಮಾತು ನುಂಗಿಕೊಳ್ಳುವ ಜಾತಿ ನನ್ನದಲ್ಲ. ಅವತ್ತಿನ ಸಿಟ್ಟು ತಪ್ಪು ಎಂದು ಇವತ್ತಿಗೂ ನನಗೆ ಅನ್ನಿಸಿಲ್ಲ. ಆದರೆ ಮಾತು ಉಳಿಸಿಕೊಂಡು ಕೋಣೆಯಲ್ಲಿ ಕೂತವನ ಭಾನುವಾರ ಎಷ್ಟು ಉದ್ದ ಇರುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ. ಅಂಗಿ ಒಗೆದೆ. ಒಣಗಿದ ಮೇಲೆ ಇಸ್ತ್ರಿ ಮಾಡಿದೆ. ಅದನ್ನು ಹಾಕಿಕೊಂಡು ಹೋಗುವುದಕ್ಕೆ ಜಾಗವೇ ಇರಲಿಲ್ಲ. ಒಂದು ಸಲ ವಿಲೆ ಪಾರ್ಲೆಯಲ್ಲಿದ್ದ ದೂರದ ನೆಂಟರ ಮನೆಗೆ ಹೋದೆ. ಅವರ ಮಕ್ಕಳು ನನ್ನ ಕನ್ನಡಕ್ಕೆ ಹಿಂದಿಯಲ್ಲಿ ಉತ್ತರ ಕೊಟ್ಟವು. ಗೆಳೆಯ ವಾರದ ದಿನಗಳಲ್ಲಿ ಸ್ಟೇಷನ್ನಿನಲ್ಲಿ ಸಿಕ್ಕರೆ ಕೈ ಎತ್ತುತ್ತಿದ್ದ, ಚೆನ್ನಾಗಿಯೇ ಮಾತಾಡುತ್ತಿದ್ದ. ಕೂಟದ ಸುದ್ದಿ ಮಾತ್ರ ಅವನೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರ ನಡುವೆ ಮಾತಿಗೆ ಉಳಿದದ್ದು ಮಳೆ, ಲೋಕಲ್ ತಡ, ಇಷ್ಟೇ.

ಮಳೆಗಾಲ ಮುಗಿಯುವ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ಒಂದು ಭಾನುವಾರ ಮಾಟುಂಗಾದಲ್ಲಿ ಇಳಿದೆ. ಸೋತು ಬಂದೆ ಅನ್ನಲಿ, ಏನಾದರೂ ಅನ್ನಲಿ, ನನಗೆ ಮನುಷ್ಯರು ಬೇಕಿತ್ತು. ಅವನು ಬೇಕಿದ್ದ. ಯಜಮಾನರು ಗಲ್ಲಾದ ಹಿಂದಿನಿಂದಲೇ, “ಓ, ಬನ್ನಿ ಬನ್ನಿ, ಚಹಾ ಆಗಿದೆ, ಎರಡನೇ ಪಾಳಿ ನಡೀತಾ ಉಂಟು, ಮೇಲೆ ಹೋಗಿ” ಎಂದರು. ಅಷ್ಟು ಸುಲಭ ಇತ್ತು!

ಮೆಟ್ಟಿಲು ಹತ್ತಿದೆ. ಬಾಗಿಲು ಅರ್ಧ ತೆರೆದಿತ್ತು. ಗೆಳೆಯ ಆಗ ತಾನೇ ಮಾತಿಗೆ ಎದ್ದು ನಿಂತಿದ್ದ. ಎರಡೂ ಕೈ ಮೇಲೆತ್ತಿ, ಪೊಲೀಸರಿಗೆ ಸಿಕ್ಕವನ ಹಾಗೆ ಮುಖ ಮಾಡಿ ಹೇಳಿದ:

“ಮೊದಲೇ ಹೇಳಿಬಿಡ್ತೇನೆ ಮಾರಾಯ್ರೆ, ಇದು ನನ್ನ ಮಾತಲ್ಲ! ಆಮೇಲೆ ಖರೇ ಮಾತು ಹೊರಗೆ ಬಂತು ಅನ್ಬೇಡಿ!”

ಕೋಣೆಯೆಲ್ಲ ಗೊಳ್ಳೆಂದಿತು. ಅದು ಹೊಸ ತಮಾಷೆಯಲ್ಲ. ಅವನು ಬಾಯಿ ತೆರೆಯುವುದಕ್ಕೆ ಮುಂಚೆಯೇ ಬೆಳಗಾವಿಯವರು ನಗಲು ಸಿದ್ಧರಾಗಿದ್ದರು. ಅಂದರೆ ಪ್ರತಿ ವಾರ ಹೀಗೆ ಕೈ ಎತ್ತಿ, ಹೀಗೆ ಹೇಳಿ, ಆಮೇಲೆ ಮಾತಾಡುತ್ತಿದ್ದ. ಅವತ್ತಿನ ವಿಷಯ ಊರಿಗೆ ಟ್ರಾಮ್ ಬೇಕೋ ಬಸ್ ಬೇಕೋ ಎಂಬುದು.

ನಗು ನಿಲ್ಲುವುದನ್ನು ಅವನು ಕಾಯುತ್ತಿದ್ದಾಗ ಬಾಗಿಲ ಕಡೆ ನೋಡಿದ. ನನ್ನನ್ನು ಕಂಡ. ಎತ್ತಿದ ಕೈಗಳು ಹಾಗೇ ಇದ್ದವು, ಮುಖದ ಮೇಲಿನ ನಗು ಮಾತ್ರ ಹೋಯಿತು. ಆ ಮುಖ ನೋಡಿದ ಮೇಲೆ ನಾನು ಒಳಗೆ ಹೋಗಿ ಕೂರುವುದಾದರೂ ಹೇಗೆ? ಉಳಿದವರ ಎದುರು ಅವನು ಅದನ್ನು ತಮಾಷೆ ಮಾಡಿ ನಿಭಾಯಿಸಬಲ್ಲ. ಅದು ತಮಾಷೆಯಲ್ಲ ಎಂದು ಗೊತ್ತಿದ್ದವನು ನಾನೊಬ್ಬ. ನಾನು ಆ ಕೋಣೆಯಲ್ಲಿದ್ದರೆ ಅವನಿಗೆ ಇನ್ನು ಮಾತೇ ಹೊರಡುವುದಿಲ್ಲ.

ಏನೂ ಇಲ್ಲ ಎಂಬಂತೆ ತಲೆಯಾಡಿಸಿ ಹಿಂದೆ ಸರಿದೆ. ಮೆಟ್ಟಿಲು ಇಳಿಯುವಾಗ ಅವನ ದನಿ ಮತ್ತೆ ಕೇಳಿಸಿತು, ಟ್ರಾಮಿನ ಪರವಾಗಿ, ಎಂದಿನ ಹಾಗೆ ಚೊಕ್ಕವಾಗಿ. ಜನ ಚಪ್ಪಾಳೆ ತಟ್ಟಿದರು. ಯಜಮಾನರು ಯಾಕೆ ಇಷ್ಟು ಬೇಗ ಎಂದು ಕೇಳಿದರು. ಕೆಲಸ ಇದೆ ಎಂದು ಸುಳ್ಳು ಹೇಳಿ ಸ್ಟೇಷನ್ನಿನ ಕಡೆ ನಡೆದೆ.