ಹನ್ನೆರಡಕ್ಕೆ ಮುಚ್ಚುವ ಕಿಟಕಿ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಗಿರಗಿಟ್ಲೆ ಅನ್ನುತ್ತಾರೆ. ಎಚ್‌ಐವಿ ಇರುವವರನ್ನು ಡಾಕ್ಟರ ಕೋಣೆಯಿಂದ ರಕ್ತಪರೀಕ್ಷೆಗೆ, ಅಲ್ಲಿಂದ ಮಾತ್ರೆ ಕೊಡುವ ನನ್ನ ಕಿಟಕಿಗೆ ಕರೆತರುವುದು ಅವಳ ಕೆಲಸ. ಮೊದಮೊದಲು ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಹನ್ನೆರಡಕ್ಕೆ ಕಿಟಕಿ ಮುಚ್ಚುವವನು ನಾನು, ಹನ್ನೆರಡೂವರೆಗೆ ಬಂದು ಬಡಿಯುವವಳು ಅವಳು.

"ಸಾರ್, ಒಬ್ರಿದ್ದಾರೆ."

"ನಾಳೆ ಬರ್ಲಿ ಕಣಮ್ಮ. ಇದೇನು ನಿಮ್ಮನೆ ಅಡುಗೆಮನೆನಾ?"

ಒಂದು ದಿನ ಹನ್ನೆರಡೂವರೆಗೆ ಹೊಲಿಗೆ ಕಾರ್ಖಾನೆಯ ಹೆಂಗಸೊಬ್ಬಳು ಕಿಟಕಿಯಾಚೆ ಗಿರಗಿಟ್ಲೆಯ ಮುಂದೆ ಅಳುತ್ತಿದ್ದಳು. "ಬಂದಾಗೆಲ್ಲ ಎರಡು ದಿನ ರಜ ಆಗುತ್ತೆ ಅಕ್ಕಾ. ಇನ್ನೊಂದ್ ರಜ ಹಾಕಿದ್ರೆ ಕೆಲಸಕ್ಕೆ ಬರ್ಬೇಡ ಅಂದಿದ್ದಾರೆ. ಮಕ್ಕಳ ಹೊಟ್ಟೆಗೇನು ಹಾಕ್ಲಿ? ಮಾತ್ರೆನೇ ಬಿಟ್ಬಿಡ್ತೀನಿ."

ಮಾತ್ರೆ ಬಿಟ್ಟರೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಬಾಯಿ "ರೂಲ್ಸು ರೂಲ್ಸೇ" ಅಂದಿತು.

ಜಗಳಕ್ಕೆ ಬಂದಿದ್ದರೆ ನಾನೇ ಗೆಲ್ಲುತ್ತಿದ್ದೆ. ಗಿರಗಿಟ್ಲೆ ಬರಲಿಲ್ಲ. ಅವತ್ತಿಗೇನೋ ಕಾಡಿಬೇಡಿ ನನ್ನ ಕೈಯಿಂದಲೇ ಮಾತ್ರೆ ಕೊಡಿಸಿದಳು, ಆಮೇಲೆ ರೋಗಿಗಳು ಹಿಡಿದು ಸುತ್ತುವಂಥ ಖಾಲಿ ಚೀಟಿಯೊಂದನ್ನು ಒಳಗೆ ತೂರಿಸಿದಳು. "ನಾಳೆ ನಿಮ್ಗೆ ರಜ ತಾನೆ ಸಾರ್? ಇದನ್ನ ಹಿಡ್ಕೊಂಡು ಒಂದ್ಸಲ ನೀವೇ ಸುತ್ತಿ ಬನ್ನಿ. ಆಮೇಲೆ ನಾನು ಬಾಯಿ ಬಿಟ್ರೆ ಕೇಳಿ."

ಅಷ್ಟೇನಾ ಎಂದು ಹೋದೆ. ಎಂಟಕ್ಕೆ ಸಾಲಲ್ಲಿ ನಿಂತೆ. ಹತ್ತಕ್ಕೆಲ್ಲ ರಕ್ತಪರೀಕ್ಷೆಯ ವರದಿಗಳು ಅಲ್ಲಿನ ಮೇಜಿನ ಮೇಲೆ ಸಿದ್ಧವಾಗಿದ್ದವು, ಕೊಟ್ಟಿದ್ದು ಹನ್ನೆರಡೂವರೆಗೆ. ಓಡಿ ಬಂದರೆ ನನ್ನ ಕಿಟಕಿ ಮುಚ್ಚಿತ್ತು. ನನ್ನ ಬದಲಿಗೆ ಕೂತಿದ್ದವನು ನಾನೇ ಪಳಗಿಸಿದವನು, ಒಂದು ನಿಮಿಷ ಹೆಚ್ಚು ಕೂರುವವನಲ್ಲ.

ಕೋಪ ನೆತ್ತಿಗೇರಿತು. ರಕ್ತಪರೀಕ್ಷೆಯವನ ಬಳಿ ಹೋಗಿ, "ಹತ್ತಕ್ಕೇ ಕೊಡೋಕೆ ಏನ್ರೀ ಧಾಡಿ?" ಎಂದು ಕೂಗಾಡಿದೆ.

ಆತ ಪಿಳಿಪಿಳಿ ಕಣ್ಣು ಬಿಟ್ಟ. "ಒಬ್ಬೊಬ್ಬರನ್ನೇ ಕಳಿಸ್ಬೇಡಿ, ಒಟ್ಟಿಗೆ ಕೊಡಿ ಅಂತ ಹೇಳಿ ಕಳಿಸಿದ್ದು ನೀವೇ ಅಲ್ವಾ ಸಾರ್? ಎಂಟು ವರ್ಷ ಆಯ್ತು!"

ಹೌದು, ನಾನೇ. ಆಗ ಕಿಟಕಿಯ ಸಮಯ ಎರಡರವರೆಗಿತ್ತು. ಕೆಲವೇ ತಿಂಗಳಲ್ಲಿ ಅದು ಹನ್ನೆರಡಕ್ಕೆ ಬದಲಾಯಿತು, ಅವನಿಗೆ ಹೇಳುವುದು ಮರೆತೆ. ನಮ್ಮಿಬ್ಬರ ನಡುವೆ ಇದ್ದಿದ್ದು ಒಂದೇ ಗೋಡೆ. ಎಂಟು ವರ್ಷ ಇಬ್ಬರೂ ಆ ಗೋಡೆ ದಾಟಿರಲಿಲ್ಲ.

ಮರುದಿನದಿಂದಲೇ ವರದಿ ಆದಂತೆ ಆದಂತೆ ಕೈಗೆ. ಕಿಟಕಿ ಒಂದರವರೆಗೆ. ದೊಡ್ಡ ಡಾಕ್ಟರಿಂದ ಸಹಿ ಹಾಕಿಸಿ ತಂದವಳೂ ಗಿರಗಿಟ್ಲೆಯೇ.

ಮುಂದಿನ ಸಲ ಹೊಲಿಗೆಯವಳು ಹತ್ತೂಮುಕ್ಕಾಲಿಗೆ ಮಾತ್ರೆ ತೆಗೆದುಕೊಂಡಳು. "ಮಧ್ಯಾಹ್ನದ ಪಾಳಿಗೆ ಹೋಗ್ತೀನಿ ಅಕ್ಕಾ, ರಜನೇ ಬೇಡ!" ಎಂದು ಓಡುತ್ತಲೇ ಹೋದಳು. ನನಗಾದ ಖುಷಿ ಅಷ್ಟಿಷ್ಟಲ್ಲ.

"ಅಲ್ಲಮ್ಮ, ಗಂಟು ಎಲ್ಲಿದೆ ಅಂತ ನಿಂಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದೆ.

ಅವಳು ನಕ್ಕಳು. "ಆರು ವರ್ಷ ನಾನೂ ಎರಡೆರಡು ದಿನ ಬಂದಿದ್ದೀನಿ ಸಾರ್, ಇದೇ ಕಿಟಕಿಗೆ, ಇದೇ ಮಾತ್ರೆಗೆ. ನೀವು ಕೈ ಮಾತ್ರ ನೋಡ್ತಿದ್ರಿ."

ಸಾಲಿನಲ್ಲಿ ಮುಂದಿನವರ ಕೈ ಒಳಗೆ ಬಂತು. ನಾನು ಬಗ್ಗಿ ಮುಖ ನೋಡಿದೆ.