ತಪ್ಪು ನನ್ನ ಕಾಲಿನದಲ್ಲ

ನಾನು ಕಾರು ಓಡಿಸಲು ಕಲಿತದ್ದು ಐವತ್ತು ದಾಟಿದ ಮೇಲೆ. ನನ್ನ ಯಜಮಾನರಿಗೆ ಕಣ್ಣಿನ ನರ ಸೋತು, ಇನ್ನು ಸ್ಟಿಯರಿಂಗ್ ಹಿಡಿಯಬೇಡಿ ಎಂದು ಮೈಸೂರಿನ ಡಾಕ್ಟರು ಹೇಳಿದಾಗ ಕಟ್ಟೆಮಳಲವಾಡಿಯ ನಮ್ಮ ಮನೆಯಲ್ಲಿ ಎಲ್ಲರೂ ಕಾರು ಮಾರುವ ಮಾತನ್ನೇ ಆಡಿದರು. ಕೊಳ್ಳಲು ನನ್ನ ಮೈದುನನೇ ಸಿದ್ಧನಾಗಿದ್ದ.

"ಮಾರೋದು ಬ್ಯಾಡ, ನಾನೇ ಓಡಿಸ್ತೀನಿ" ಎಂದೆ. ಎಲ್ಲರೂ ನಕ್ಕರು. ಮಾರನೆಯ ದಿನವೇ ಹುಣಸೂರಿನ ಡ್ರೈವಿಂಗ್ ಸ್ಕೂಲಿಗೆ ಸೇರಿಕೊಂಡೆ. ಲೈಸೆನ್ಸ್ ಬಂದ ಮೇಲೆ ನಗುವವರು ಕಡಿಮೆಯಾದರು. ಇವಳು ಎಲ್ಲಿ ಗುದ್ದುತ್ತಾಳೋ ಎಂದು ಕಾಯುವವರು ಹೆಚ್ಚಾದರು.

ನಾನು ಎಲ್ಲೂ ಗುದ್ದಲಿಲ್ಲ. ಕಾರೇ ಕೈಕೊಟ್ಟಿತು. ಕೊಪ್ಪದ ಮಾರುಕಟ್ಟೆಯಿಂದ ಇಬ್ಬರೂ ವಾಪಸು ಬರುತ್ತಿದ್ದೆವು. ಪಿರಿಯಾಪಟ್ಟಣದ ಕಡೆ ರಸ್ತೆ ನೆಟ್ಟಗೆ ಹಾಸಿಕೊಂಡಿತ್ತು. ಇದ್ದಕ್ಕಿದ್ದಂತೆ ಎದುರಿನ ಫಲಕದಲ್ಲಿ ಹಳದಿ ದೀಪ ಹತ್ತಿತು. ಆಕ್ಸಿಲರೇಟರ್ ಒತ್ತಿದರೆ ಕಾಲು ಕೆಳಗೆ ಹೋಗುತ್ತದೆ, ಕಾರು ಮಾತ್ರ ಎಳೆಯುವುದಿಲ್ಲ. ಹಿಂದಿನಿಂದ ಲಾರಿಗಳ ಹಾರ್ನ್ ಸದ್ದು.

"ಗೇರು ಸರ್ಯಾಗಿ ಆಕಿದ್ದೀಯೇನೆ?" ಎಂದರು ಯಜಮಾನರು.

"ಗೇರು ಸರ್ಯಾಗೇ ಐತೆ ಕಣ್ರೀ. ಒತ್ತಿದ್ರೂ ಎಳೀತಿಲ್ಲ."

ಪಕ್ಕಕ್ಕೆ ನಿಲ್ಲಿಸಿ, ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದೆ. ಏನೂ ಆಗೇ ಇಲ್ಲವೆಂಬಂತೆ ಓಡಿತು, ದೀಪ ಮಾತ್ರ ಆರಲಿಲ್ಲ. ಆಮೇಲೆ ಹೀಗೆ ಮತ್ತೆ ಮತ್ತೆ ಆಯಿತು. ಪ್ರತಿ ಸಲವೂ ಮೈದುನ ಸ್ಪ್ಯಾನರ್ ಹಿಡಿದು ಬಂದು, ಬ್ಯಾಟರಿಯ ತಂತಿ ಬಿಚ್ಚಿ ಮತ್ತೆ ಹಾಕಿ, ದೀಪ ಆರಿದ ಮೇಲೆ ಕಾರನ್ನು ಹುಣಸೂರಿನ ಗ್ಯಾರೇಜಿಗೆ ಒಯ್ಯುತ್ತಿದ್ದ. ಒಮ್ಮೆ ನಾನೂ ಜೊತೆಗೆ ಹೋದೆ. ಅಲ್ಲಿಯ ಮೆಕ್ಯಾನಿಕ್ ಕಾರಿನ ದೋಷ ಓದುವ ಸ್ಕ್ಯಾನರ್ ಹಾಕಿ ನೋಡಿದ, ಏನೂ ಸಿಗಲಿಲ್ಲ. ರೊಯ್ಯನೆ ಒಂದು ಸುತ್ತು ಓಡಿಸಿಕೊಂಡು ಬಂದ.

"ಗಾಡಿ ಕುದುರೆ ಇದ್ದಂಗೈತೆ ಅಕ್ಕ. ನೀವು ಬ್ರೇಕ್ ಮೇಲೂ ಕಾಲಿಟ್ಕೊಂಡು ಆಕ್ಸಿಲರೇಟರ್ ಒತ್ತುತಿದ್ದೀರ. ಅಂಗೆ ಮಾಡಿದ್ರೆ ಗಾಡಿ ತಾನೇ ಪವರ್ ಕಡಿಮೆ ಮಾಡ್ಕತದೆ. ಎಲ್ಲ ನಿಮ್ಮ ಕಾಲಿಂದೇ."

ಮೈದುನ ನನ್ನ ಮುಖ ನೋಡಿ ನಕ್ಕ. ನನಗೆ ಮೈಯೆಲ್ಲ ಉರಿಯಿತು. ಆದರೂ ಮೆಕ್ಯಾನಿಕ್ ಹೇಳಿದ್ದನ್ನು ಪರೀಕ್ಷೆ ಮಾಡದೆ ಬಿಡಲಿಲ್ಲ. ಕಾಲ್ಬೆರಳ ತುದಿ ಬ್ರೇಕಿಗೆ ತಾಗಿದರೂ ತಿಳಿಯಲಿ ಎಂದು ಕೆಲವು ದಿನ ಬರಿಗಾಲಲ್ಲಿ ಓಡಿಸಿದೆ. ಆಕ್ಸಿಲರೇಟರ್ ಒತ್ತುವಾಗ ಬ್ರೇಕಿಗೆ ಕಾಲು ತಾಗಲೇ ಇಲ್ಲ, ಆದರೂ ಕಾರು ಮೊದಲಿನಂತೆಯೇ ಸೋತಿತು. ಇನ್ನೊಂದು ಸಂಗತಿಯನ್ನೂ ಗಮನಿಸಿದೆ. ಏರು ಹತ್ತುವಾಗ, ಜೋರಾಗಿ ಒತ್ತಿದಾಗ ಎಂದೂ ಹೀಗಾಗುತ್ತಿರಲಿಲ್ಲ. ಸಮತಟ್ಟು ರಸ್ತೆಯಲ್ಲಿ ಕಾಲನ್ನು ಹಗುರವಾಗಿ ಒಂದೇ ಕಡೆ ಇಟ್ಟುಕೊಂಡು ಹೋಗುವಾಗಲೇ ಆಗುತ್ತಿತ್ತು.

ಡ್ರೈವಿಂಗ್ ಕಲಿಸಿದ ಮೇಷ್ಟ್ರಿಗೆ ಫೋನು ಮಾಡಿ ಇದನ್ನೆಲ್ಲ ಹೇಳಿದೆ. ಬ್ಯಾಟರಿ ಬಿಚ್ಚಿದರೆ ಕಾರಿನ ಕಂಪ್ಯೂಟರ್ ಉಳಿಸಿಕೊಂಡ ದೋಷದ ದಾಖಲೆಯೂ ಅಳಿಸಿಹೋಗಬಹುದು, ಬಿಚ್ಚದೆ ಹಾಗೇ ತೋರಿಸಿ ಎಂದು ಅವರು ಕೆ.ಆರ್. ನಗರದ ಒಬ್ಬ ಎಲೆಕ್ಟ್ರಿಷಿಯನ್ ವಿಳಾಸ ಕೊಟ್ಟರು.

ಮುಂದಿನ ಸಲ ದೀಪ ಹತ್ತಿದ್ದು ಊರ ಹತ್ತಿರವೇ. ಸುದ್ದಿ ತಿಳಿದು ಮೈದುನ ಸ್ಪ್ಯಾನರ್ ಹಿಡಿದು ಬಂದ. ನಾನು ಬಾನೆಟ್ ಮುಂದೆ ನಿಂತೆ.

"ಬ್ಯಾಟರಿ ಮುಟ್ಬ್ಯಾಡ ಕಣಪ್ಪ. ಅದ್ರೊಳಗಿರೋದನ್ನೆಲ್ಲ ನೀನೇ ಒರೆಸಿ ಕಳಿಸ್ತಿದ್ದೀಯ. ಗ್ಯಾರೇಜ್ನೋರಿಗೆ ಏನು ಸಿಕ್ಕಾತು?"

"ಈ ಕಾರು ನಿಮ್ಗೆ ಆಗಿಬರಲ್ಲ ಅತ್ತಿಗೆ. ಸುಮ್ನೆ ಹಟ ಮಾಡ್ಬ್ಯಾಡಿ, ಕೀ ಕೊಡಿ."

"ಹಟ ಅಂತಾನೇ ಅಂದ್ಕೊ. ಕೀ ಕೊಡಲ್ಲ."

ಯಜಮಾನರೂ "ಮಾರಿಬುಡಾನ ಬುಡೆ" ಎಂದು ಗೊಣಗಿದರು. ಆದರೂ ಪಕ್ಕದಲ್ಲಿ ಹತ್ತಿ ಕುಳಿತರು. ದೀಪ ಉರಿಯುತ್ತಿದ್ದಂತೆಯೇ, ನಡುರಸ್ತೆಯಲ್ಲಿ ಮತ್ತೆ ಸೋತೀತೆಂದು ಎತ್ತಿನಗಾಡಿಯ ಹಾಗೆ ರಸ್ತೆಯ ಅಂಚಿನಲ್ಲಿ ಕೆ.ಆರ್. ನಗರದವರೆಗೂ ಓಡಿಸಿದೆ. ಬೈಕಿನವರು ತಿರುಗಿ ನೋಡಿ ಏನೇನೋ ಅಂದು ಹೋದರು. ಅನ್ನಲಿ ಎಂದುಕೊಂಡೆ.

ಎಲೆಕ್ಟ್ರಿಷಿಯನ್ ನನ್ನ ಓರಗೆಯವನು. "ಯಾವಾಗ ಆಯ್ತದಮ್ಮಾ?" ಎಂದು ಮೊದಲು ಕೇಳಿದ. ಅದುವರೆಗೆ ಯಾರೂ ಕೇಳದ ಪ್ರಶ್ನೆ ಅದು. ನಾನು ಗಮನಿಸಿದ್ದನ್ನೆಲ್ಲ ಹೇಳಿದೆ. ಸ್ಕ್ಯಾನರ್ ಹಾಕಿದ ಕೂಡಲೇ ದೋಷ ಕಾಣಿಸಿತು: ಆಕ್ಸಿಲರೇಟರ್ ಪೆಡಲ್ ಸೆನ್ಸರಿನ ಎರಡು ಸಿಗ್ನಲ್‌ಗಳಿಗೆ ಹೊಂದಾಣಿಕೆ ಇಲ್ಲ.

"ನೀವೆಷ್ಟು ಒತ್ತಿದ್ರಿ ಅಂತ ಈ ಸೆನ್ಸರು ಎರಡು ದಾರೀಲಿ ಹೇಳ್ತದೆ. ಒಂದ್ರ ಅಂಕಿ ಇನ್ನೊಂದ್ರ ಎರಡರಷ್ಟಿರ್ಬೇಕು. ತಪ್ಪಿದ್ರೆ ಕಂಪ್ಯೂಟರು ಎರಡನ್ನೂ ನಂಬಲ್ಲ, ವೇಗ ಇಳಿಸಿಬುಡ್ತದೆ" ಎಂದು ವಿವರಿಸಿದ.

ಸ್ಟಿಯರಿಂಗ್ ಕೆಳಗೆ ಬಗ್ಗಿ ವೈರುಗಳನ್ನು, ಪ್ಲಗ್ಗನ್ನು ಅಲುಗಾಡಿಸಿದ. ಸ್ಕ್ಯಾನರಿನ ಅಂಕಿಗಳು ಕದಲಲಿಲ್ಲ. ಸೆನ್ಸರಿಗೆ ಬರುವ ಕರೆಂಟು ಅಳೆದ, ಅದೂ ಸರಿಯಿತ್ತು. ಕಾರನ್ನು ಸ್ಟಾರ್ಟ್ ಮಾಡದೆ, ಕೀ ಮಾತ್ರ ತಿರುಗಿಸಿ, "ಈಗ ನೀವು ಓಡಿಸೋವಾಗ ಒತ್ತುವಂಗೇ ಮೆಲ್ಲಗೆ ಒತ್ತಿ" ಎಂದ.

ಒತ್ತಿದೆ. ಎರಡು ಅಂಕಿಗಳೂ ಜೊತೆಯಾಗಿ ಏರಿದವು. ಅರ್ಧಕ್ಕೆ ಸ್ವಲ್ಪ ಮೊದಲು ಚಿಕ್ಕದು ದೊಪ್ಪನೆ ಸೊನ್ನೆಗೆ ಬಿತ್ತು, ದಾಟಿದ ಮೇಲೆ ಮತ್ತೆ ಎದ್ದಿತು. ಇನ್ನೊಮ್ಮೆ ಒತ್ತಿದೆ, ಅದೇ ಜಾಗ. ಜೋರಾಗಿ ತುಳಿದರೆ ಮಾತ್ರ ಬಿದ್ದದ್ದೇ ಕಾಣಲಿಲ್ಲ. ಹುಣಸೂರಿನವನು ತುಳಿದದ್ದು ಹಾಗೆಯೇ.

"ಅಲ್ಲೊಂದು ಕಡೆ ಸವೆದೈತೆ. ವರ್ಷಾನುಗಟ್ಲೆ ಕಾಲು ಅಲ್ಲೇ ನಿಂತಿರ್ಬೇಕು" ಎಂದ ಎಲೆಕ್ಟ್ರಿಷಿಯನ್.

ಸ್ಟೂಲಿನ ಮೇಲೆ ಕುಳಿತಿದ್ದ ಯಜಮಾನರು ಕೆಮ್ಮಿದರು. "ಇವಳು ಈಗ ಕಲ್ತೋಳು. ಇಷ್ಟು ವರ್ಷ ಓಡಿಸಿದ್ದು ನಾನು."

"ಈ ಮಾತನ್ನ ನಿಮ್ಮ ತಮ್ಮನ ಮುಂದೂ ಏಳಿ" ಎಂದೆ.

"ಏಳ್ತೀನಿ ಬುಡು" ಎಂದರು.

ಸೆನ್ಸರ್ ಒಂದನ್ನೇ ಬದಲಿಸಲು ಬರುವುದಿಲ್ಲವಂತೆ. ಮೈಸೂರಿನಿಂದ ಇಡೀ ಪೆಡಲ್ ತರಿಸಿ ಹಾಕಿದ. ನಾನೇ ಕುಳಿತು ಮತ್ತೆ ಮೆಲ್ಲಗೆ ಒತ್ತಿದೆ. ಅಂಕಿಗಳು ಎಲ್ಲೂ ಬೀಳಲಿಲ್ಲ.

ಯಜಮಾನರು ಮಾತು ಉಳಿಸಿಕೊಂಡರು. ಮೈದುನ ಕೇಳಿಸಿಕೊಂಡು, "ಒಳ್ಳೇದಾಯ್ತು. ಈಗ ಮಾರಿದ್ರೆ ಒಳ್ಳೆ ರೇಟು ಬತ್ತದೆ" ಎಂದ. ನಾನು ಕೀ ಎತ್ತಿಕೊಂಡು ಒಳಗೆ ಹೋದೆ.

ಆ ವಾರವೇ ಎಚ್.ಡಿ. ಕೋಟೆ ದಾಟಿ ಅಂತರಸಂತೆಗೆ, ಮಗಳ ಮನೆಗೆ ಹೋದೆವು. ಬೀಗಿತ್ತಿ ಹೊರಗೆ ಬಂದು ಕಾರನ್ನೂ ನನ್ನನ್ನೂ ನೋಡಿ, "ಕಾಡಂಚಿನ ರಸ್ತೇಲಿ ನೀವೇ ಓಡಿಸ್ಕೊಂಡು ಬಂದ್ರಾ?" ಎಂದು ಕೇಳಿದರು.

"ನಾನೇ. ಹತ್ತಿ, ಸಂತೆಗೆ ಕರ್ಕೊಂಡೋಗ್ತೀನಿ" ಎಂದೆ. ಅವರು ಸೆರಗು ಸರಿಮಾಡಿಕೊಂಡು ಮುಂದಿನ ಸೀಟಿನಲ್ಲೇ ಕುಳಿತರು. ಯಜಮಾನರು ಹಿಂದೆ ಹತ್ತಿದರು.