ಕಬ್ಬಿನ ಬೀಗರು

ಕೊರೊನಾ ಬರುವುದಕ್ಕೆ ಒಂದೂವರೆ ವರ್ಷ ಹಿಂದಿನ ಮಾತು. ಪುಣೆಯ ಹೊರವಲಯದಲ್ಲಿದ್ದ ಸಕ್ಕರೆ ತಂತ್ರಜ್ಞಾನ ತರಬೇತಿ ಸಂಸ್ಥೆಯೊಂದರಲ್ಲಿ ನಾನು ಹಿರಿಯ ಬೋಧಕನಾಗಿದ್ದೆ. ಅದು ನನ್ನ ಸೇವೆಯ ಕೊನೆಯ ವರ್ಷ. ಧಾರವಾಡದ ಸಂಸ್ಕೃತ ಪಾಠಶಾಲೆಯ ಅಂಗಳದಲ್ಲಿ ಬೆಳೆದವನು ಕಬ್ಬಿನ ರಸವನ್ನು ಅಳೆಯುತ್ತ ಆಯುಷ್ಯ ಕಳೆದದ್ದು ದೈವೇಚ್ಛೆ ಎಂದೇ ನಂಬಿದ್ದೇನೆ. ಆ ಸಲ ದೀಪಾವಳಿಯ ಹೊತ್ತಿಗೆ ಇಂಡೋನೇಷ್ಯಾ ಸರಕಾರ ಇಬ್ಬರು ಅಧಿಕಾರಿಗಳನ್ನು ಅಧ್ಯಯನಕ್ಕಾಗಿ ನಮ್ಮಲ್ಲಿಗೆ ಕಳಿಸಿತು.

ಒಬ್ಬರು ಜಕಾರ್ತಾದ ಸಚಿವಾಲಯದ ರತ್ನಾ. ಇನ್ನೊಬ್ಬರು ಪೂರ್ವ ಜಾವಾದ ಒಂದು ಹಳೆಯ ಸರಕಾರಿ ಸಕ್ಕರೆ ಕಾರ್ಖಾನೆಯ ವ್ಯವಸ್ಥಾಪಕ ಸುವರ್ನೊ. ಸಮುದ್ರದಾಚೆಯ ಇಸ್ಲಾಂ ಧರ್ಮೀಯರಿಬ್ಬರ ಹೆಸರುಗಳಲ್ಲಿ ನಮ್ಮ ಗೀರ್ವಾಣವಾಣಿಯನ್ನು ಕೇಳಿ ನನ್ನ ಮನಸ್ಸು ತುಂಬಿ ಬಂದಿತ್ತು. ಅವರಲ್ಲಿ ಗಂಡಸರನ್ನು ‘ಪಾಕ್’, ಹೆಂಗಸರನ್ನು ‘ಇಬು’ ಎಂದು ಕರೆಯುತ್ತಾರೆ. ನಾವು ಅಪ್ಪಾ, ಅವ್ವಾ ಎನ್ನುವ ಹಾಗೆ.

ಅವರು ಬಂದ ಕಾರಣವನ್ನು ಸ್ವಲ್ಪ ವಿವರಿಸಬೇಕು. ಸಾವಿರಾರು ದ್ವೀಪಗಳ ಆ ದೇಶ ತಾನು ತಯಾರಿಸುವುದಕ್ಕಿಂತ ಹೆಚ್ಚು ಸಕ್ಕರೆ ತಿನ್ನುತ್ತದೆ. ಉಳಿದದ್ದನ್ನು ಹೊರಗಿನಿಂದ ತರಿಸುತ್ತದೆ. ಜಾವಾದಲ್ಲಿ ಡಚ್ಚರ ಕಾಲದ ಸಣ್ಣ ಕಾರ್ಖಾನೆಗಳು ಇನ್ನೂ ಇವೆ. ಯಂತ್ರಗಳು ಮುದಿಯಾಗಿವೆ, ‘ರಿಕವರಿ’, ಅಂದರೆ ಕಬ್ಬಿನಿಂದ ಕೈಗೆ ಬರುವ ಸಕ್ಕರೆಯ ಪ್ರಮಾಣ, ಕುಸಿದಿದೆ. ಆದ್ದರಿಂದ ಸಣ್ಣವನ್ನು ಮುಚ್ಚಿ ಅವುಗಳ ಕಬ್ಬನ್ನು ದೊಡ್ಡ ಕಾರ್ಖಾನೆಗಳಿಗೆ ಒಯ್ಯಬೇಕೆಂಬುದು ಸರಕಾರದ ನೀತಿ. ಮುಚ್ಚಬೇಕಾದವುಗಳಲ್ಲಿ ಸುವರ್ನೊ ಅವರದ್ದೂ ಒಂದು. ಅವರ ತಂದೆ, ತಾತ ಇಬ್ಬರೂ ಅಲ್ಲಿಯೇ ದುಡಿದವರು. ನನ್ನ ತಾಂತ್ರಿಕ ಅಭಿಪ್ರಾಯ ಪಡೆದು, ಇಬ್ಬರೂ ಒಮ್ಮತದ ಶಿಫಾರಸು ಹೊತ್ತು ಹಿಂದಿರುಗಬೇಕಿತ್ತು.

ಅಂಕಿಅಂಶಗಳನ್ನೆಲ್ಲ ನೋಡಿದೆ. ಅನುಮಾನಕ್ಕೆ ಎಡೆಯಿರಲಿಲ್ಲ. ಎಷ್ಟು ಮೃದುವಾಗಿ ಹೇಳಬಹುದೋ ಅಷ್ಟು ಮೃದುವಾಗಿ, “ಕಾರ್ಖಾನೆಯನ್ನು ಉಳಿಸಲು ಆಗದು” ಎಂದೆ. ಸುವರ್ನೊ ತಲೆ ಬಾಗಿಸಿ ನಕ್ಕು, “ಒಳ್ಳೆಯದು, ಸರ್” ಎಂದರು. ಕೆಲಸ ಮುಗಿಯಿತೆಂದು ನಾನು ಕಾಗದಗಳನ್ನು ಎತ್ತಿಡುತ್ತಿದ್ದೆ.

ಅವರು ಹೊರಗೆ ಹೋದ ಮೇಲೆ ರತ್ನಾ ಹೇಳಿದರು: “ಆ ನಗು ಒಪ್ಪಿಗೆಯಲ್ಲ, ಸರ್. ನಮ್ಮಲ್ಲಿ ಹಿರಿಯರ ಮುಂದೆ ಇಲ್ಲ ಅನ್ನುವುದಿಲ್ಲ. ಕೈ ಎತ್ತಿಸಿ ಮತ ಎಣಿಸುವುದೂ ಇಲ್ಲ. ಎಲ್ಲರ ಮನಸ್ಸೂ ಒಂದಾಗುವ ತನಕ ಕೂತು ಮಾತಾಡುವುದೇ ನಮ್ಮ ಪದ್ಧತಿ.”

“ಸಚಿವಾಲಯದವರು ನೀವು. ಆಜ್ಞೆ ಮಾಡಬಹುದಲ್ಲ?”

“ಮಾಡಬಹುದು. ಆದರೆ ಪಾಕ್ ಸುವರ್ನೊ ಮನಸಾರೆ ಹೇಳದಿದ್ದರೆ ಅವರ ಕಾರ್ಖಾನೆಯ ಸುತ್ತಲ ಹಳ್ಳಿಗಳ ರೈತರು ಕಬ್ಬನ್ನೇ ಕಿತ್ತು ಭತ್ತ ಹಾಕುತ್ತಾರೆ. ಆಗ ದೊಡ್ಡ ಕಾರ್ಖಾನೆಗೆ ಅರೆಯುವುದಕ್ಕೆ ಏನು ಉಳಿಯುತ್ತದೆ?”

ಅವರಿಬ್ಬರೂ ದಿನಗಟ್ಟಲೆ ಮಾತಾಡಿದರು. ಸುವರ್ನೊ ನಗುತ್ತಲೇ ಇದ್ದರು, ಒಪ್ಪಲಿಲ್ಲ.

ಕಾರ್ತೀಕದಲ್ಲಿ ಅವರನ್ನು ಬಾರಾಮತಿಯ ಕಡೆಯ ಒಂದು ಕಾರ್ಖಾನೆಗೆ ಕರೆದೊಯ್ದೆ. ಅಂದು ಮೋಳಿ ಪೂಜೆ. ಹಂಗಾಮಿನ ಮೊದಲ ಕಬ್ಬಿನ ಕಟ್ಟಿಗೆ ಅರಿಸಿನ ಕುಂಕುಮ ಹಚ್ಚಿ, ಆರತಿ ಎತ್ತಿ, ಯಂತ್ರಕ್ಕೆ ಹಾಕುವ ಸಂಪ್ರದಾಯವದು. ಕಾಯಿ ಒಡೆದಾಗ ಸುವರ್ನೊ ಟೋಪಿ ಸರಿಪಡಿಸಿಕೊಂಡು ಕಣ್ಣು ಮುಚ್ಚಿ ನಿಂತರು. ಮರಳುವ ದಾರಿಯಲ್ಲಿ ಅವರು ಮೊದಲ ಬಾರಿಗೆ ತಾವಾಗಿಯೇ ಮಾತಾಡಿದರು.

“ನಮ್ಮಲ್ಲಿ ಕಬ್ಬಿಗೆ ಮದುವೆ ಮಾಡುತ್ತೇವೆ, ಸರ್. ಒಂದು ಹೊಲದ ಜಲ್ಲೆ ಹೆಣ್ಣು, ಇನ್ನೊಂದು ಹೊಲದ್ದು ಗಂಡು. ಎರಡಕ್ಕೂ ಹೆಸರಿಡುತ್ತೇವೆ, ಬಾಟಿಕ್ ಬಟ್ಟೆ ಉಡಿಸುತ್ತೇವೆ. ಮಸೀದಿಯ ಹಿರಿಯರು ಪ್ರಾರ್ಥನೆ ಮಾಡುತ್ತಾರೆ. ಮೆರವಣಿಗೆಯಲ್ಲಿ ತಂದು ಮೊದಲು ಆ ಜೋಡಿಯನ್ನೇ ಅರೆಯುತ್ತೇವೆ. ಇಬ್ಬರ ರಸ ಒಂದಾಗುತ್ತದೆ.” ಸ್ವಲ್ಪ ತಡೆದು, “ನಮ್ಮ ಕಾರ್ಖಾನೆ ಮುಚ್ಚಿದರೆ ಅದೂ ನಿಂತಿತು” ಎಂದರು.

ಆ ರಾತ್ರಿ ಊಟಕ್ಕೆ ಅವರನ್ನು ಬಿಬವೇವಾಡಿಯ ನಮ್ಮ ಮನೆಗೆ ಕರೆದಿದ್ದೆ. ಬಂದ ಕೂಡಲೇ ಕೊಟ್ಟ ಚಹಾಕ್ಕೆ ಸುವರ್ನೊ ಮೇಲಿಂದ ಮೇಲೆ ಸಕ್ಕರೆ ಹಾಕಿಕೊಳ್ಳುವುದನ್ನು ನನ್ನ ಧರ್ಮಪತ್ನಿ ಸುಶೀಲಾ ಬಾಗಿಲಲ್ಲಿ ನಿಂತು ನೋಡಿದಳು.

“ಹಾಕ್ಕೋಳ್ರಿ, ಹಾಕ್ಕೋಳ್ರಿ. ನಮ್ಮನ್ಯಾಗ ಜೀವಮಾನ ಪೂರ್ತಿ ಸಕ್ಕರಿ ಪಾಠ ಹೇಳಿದವ್ರು ಒಂದ ಚಮಚ ತಿನ್ನಂಗಿಲ್ಲ. ನಿಮ್ಮಿಂದರೆ ಡಬ್ಬಿ ಖಾಲಿ ಆಗ್ಲಿ!”

ನಾನು ಅನುವಾದಿಸಿದೆ. ರತ್ನಾ ಜೋರಾಗಿ ನಕ್ಕರು. ಊಟದ ನಡುವೆ ಕಬ್ಬಿನ ಮದುವೆಯ ವಿಷಯ ಬಂತು. ಸುಶೀಲಾ ರೊಟ್ಟಿ ಬಡಿಸುವುದನ್ನು ಬಿಟ್ಟು ಕುಳಿತೇಬಿಟ್ಟಳು.

“ಅಲ್ರೀ, ಇವ್ರ ಫ್ಯಾಕ್ಟರಿ ಮುಚ್ಚಿದ್ರ ಮದಿವಿ ಯಾಕ ನಿಲ್ಲಬೇಕು? ಇವ್ರ ಹೊಲದ ಕಬ್ಬು ಹೆಣ್ಣು, ದೊಡ್ಡ ಫ್ಯಾಕ್ಟರಿ ಕಬ್ಬು ಗಂಡು. ಹೆಣ್ಣು ಗಂಡನ ಮನಿಗೆ ಹೋಗತದ. ಅದರಾಗೇನದ?”

ಅದನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಸುವರ್ನೊ ಅವರ ಮುಖದಲ್ಲಿ ನಗು ಇರಲಿಲ್ಲ. ಅಷ್ಟು ದಿನಗಳಲ್ಲಿ ಅದೇ ಮೊದಲು. ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗಿಟ್ಟು, “ಇಬು, ಹೋದ ಮೇಲೆ ಅವಳ ಗತಿ? ಕಡಿದ ಕಬ್ಬು ಕಾಯುವುದಿಲ್ಲ. ದೊಡ್ಡ ಕಾರ್ಖಾನೆಯವರು ತಮ್ಮ ರೈತರ ಲಾರಿಗಳನ್ನು ಮೊದಲು ಒಳಗೆ ಬಿಡುತ್ತಾರೆ. ನಮ್ಮವು ಹೊರಗೆ ಒಣಗುತ್ತವೆ. ಒಣಗಿದಷ್ಟೂ ಸಕ್ಕರೆ ಕಡಿಮೆ. ರೈತನಿಗೆ ಸಿಗುವ ಪಾಲೂ ಕಡಿಮೆ. ನಾನು ಹೋಗಿ ಎಂದರೆ ನನ್ನನ್ನು ನಂಬಿ ಹೋಗುತ್ತಾರೆ. ಹಾಗೆ ನಂಬಿಸಿ ಹೇಗೆ ಕಳಿಸಲಿ?” ಎಂದರು.

ಅವರನ್ನು ತಡೆದು ನಿಲ್ಲಿಸಿದ್ದು ಯಂತ್ರದ ಮೇಲಿನ ಮಮತೆಯೆಂದೇ ನಾನೂ ರತ್ನಾ ಅವರೂ ತಿಳಿದಿದ್ದೆವು.

ಇದನ್ನು ಕನ್ನಡದಲ್ಲಿ ಹೇಳಿದಾಗ ಸುಶೀಲಾಗೆ ನಿಜವಾಗಿಯೂ ಸಿಟ್ಟು ಬಂತು. “ಹೆಣ್ಣು ಕೊಟ್ಟ ಬೀಗರನ್ನ ಬಿಸಲಾಗ ನಿಂದರಸ್ತಾರೇನ್ರಿ? ಎಂಥಾ ಮಂದಿ ಅವ್ರು! ಮದಲ ಕರದು, ಕಾಲಿಗೆ ನೀರ ಕೊಟ್ಟು, ಆಮ್ಯಾಲ ಮುಂದಿನ ಮಾತು. ಈ ತಂಗಿ ಸರಕಾರದಾಕಿ ಅಲ್ಲೇನು? ಆಕಿಗೆ ಹೇಳ್ರಿ, ಅದನ್ನ ಕರಾರಿನಾಗ ಬರೀ ಅಂತ.”

ನಾನು ಇದನ್ನೂ ಅನುವಾದಿಸಿದೆ. ರತ್ನಾ ಸುವರ್ನೊ ಅವರ ಕಡೆಗೆ ತಿರುಗಿ, ನನಗೂ ತಿಳಿಯಲೆಂದು ಇಂಗ್ಲಿಷಿನಲ್ಲಿಯೇ ಹೇಳಿದರು: “ಪಾಕ್, ಮುಚ್ಚುವ ಕಾರ್ಖಾನೆಯ ಹಳ್ಳಿಗಳ ಲಾರಿಗಳಿಗೆ ಪ್ರತ್ಯೇಕ ಸರದಿ. ಅದು ಸಿಗುವ ತನಕ ಬೀಗ ಹಾಕುವಂತಿಲ್ಲ. ಹೀಗೆ ಷರತ್ತು ಬರೆಯುತ್ತೇನೆ. ಮೇಲಿನವರು ಹೊಡೆದುಹಾಕಬಹುದು. ಹೊಡೆದರೆ ಮತ್ತೆ ಬರೆಯುತ್ತೇನೆ. ಅಷ್ಟೇ ನನ್ನ ಕೈಯಲ್ಲಿರುವುದು.”

ಸುವರ್ನೊ ಎರಡೂ ಕೈ ಎದೆಗೆ ಮುಟ್ಟಿಸಿಕೊಂಡು, “ಹಾಗಾದರೆ ನಾನೇ ಹೋಗಿ ರೈತರಿಗೆ ಹೇಳುತ್ತೇನೆ” ಎಂದರು. ಶಿಫಾರಸಿನ ತಾಂತ್ರಿಕ ಭಾಗವನ್ನು ಮರುದಿನ ನಾನು ಬರೆದುಕೊಟ್ಟೆ. ಕಡಿದ ಕಬ್ಬು ನಿಂತಷ್ಟೂ ಆಗುವ ನಷ್ಟದ ವಿವರಣೆಯನ್ನು ಷರತ್ತಿನ ಪಕ್ಕದಲ್ಲಿಯೇ ಇರಿಸಿದೆ, ಯಾರೂ ಅದನ್ನು ಬರೀ ಔದಾರ್ಯವೆಂದು ಭಾವಿಸದಿರಲಿ ಎಂದು.

ಜಕಾರ್ತಾದಲ್ಲಿ ಆ ಷರತ್ತನ್ನು ಒಮ್ಮೆ ತೆಗೆದುಹಾಕಿದರಂತೆ. ರತ್ನಾ ಮಾತು ಉಳಿಸಿಕೊಂಡರು.

ನಮ್ಮಲ್ಲಿ ಬೇಸಿಗೆ ಏರಿದಾಗ ಅಲ್ಲಿ ಹಂಗಾಮು ಆರಂಭ. ಒಂದು ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ ಏಳುವಷ್ಟರಲ್ಲಿ ಸುವರ್ನೊ ವಿಡಿಯೊ ಕರೆ ಮಾಡಿದರು. ದೊಡ್ಡ ಕಾರ್ಖಾನೆಯ ಹೆಬ್ಬಾಗಿಲು; ತಮಟೆ, ಜನ. ಬಾಟಿಕ್ ಉಟ್ಟ ಕಬ್ಬಿನ ಜಲ್ಲೆಯನ್ನು ಅವರು ಮಗುವಿನಂತೆ ತೋಳಿನಲ್ಲಿ ಹಿಡಿದಿದ್ದರು. ಗಂಡಿನ ಕಡೆಯಿಂದ ಅಲ್ಲಿಯ ವ್ಯವಸ್ಥಾಪಕರೇ ಎದುರು ಬಂದು ಬಾಗಿ ಕರೆದುಕೊಂಡರು. ಹಿಂದೆಯೇ ಆ ಹಳ್ಳಿಗಳ ಲಾರಿಗಳು ಒಂದೊಂದಾಗಿ ತೂಕದ ಕಟ್ಟೆಯ ಮೇಲೆ ಏರಿದವು. ಆಚೆ, ಕಾರ್ಖಾನೆಯ ಸ್ವಂತ ಹೊಲಗಳ ಲಾರಿಗಳು ಕಾಯುತ್ತಿದ್ದವು.

ಸರಿಯಾದ ನಿರ್ಧಾರವೂ ಜನರ ಬಳಿಗೆ ಮರ್ಯಾದೆಯ ದಾರಿಯಿಂದಲೇ ಬರಬೇಕು. ಆ ಮರ್ಯಾದೆಯನ್ನು ನಿಯಮವಾಗಿ ಬರೆದಿಡಬೇಕು. ಕಸುಬು ನನಗೆ ಕಲಿಸಿದ ಕೊನೆಯ ಪಾಠ ಇದು. ಭಗವಂತ ಅದನ್ನು ನನ್ನ ಊಟದ ಮನೆಯಲ್ಲಿಯೇ ಹೇಳಿಸಿದ.

ಪರದೆಯ ಮೇಲೆ ಸುವರ್ನೊ ಬಿಕ್ಕುತ್ತಿದ್ದರು. ಸಮಾಧಾನದ ಮಾತಿಗಾಗಿ ನಾನು ತಡವರಿಸುತ್ತಿದ್ದಾಗ ಸುಶೀಲಾ ನನ್ನ ಕೈಯಿಂದ ಫೋನು ತೆಗೆದುಕೊಂಡಳು.

“ಸುಮ್ನಿರ್ರಿ, ಅಳ್ಳಿ ಬಿಡ್ರಿ. ಮಗಳನ್ನ ಕಳಸೋ ಹೊತ್ತು ಅದ.”